ನೀಲಗಿರಿ ತೋಪಿನ ಹುಲಿ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅದೊಂದು ಗುರುವಾರ. ಕಾಕಾ ಏಳು ಚೀಲ ಕಾಯಿ ತಂದಿದ್ದರು. ದಲಾಲಿ ಅಂಗಡಿಯ ಮುಂದೆ ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ನಿಲ್ಲಿಸಿಯಾಗಿತ್ತು. ಟೆಂಡರ್ ತೆರೆಯುವುದಕ್ಕೆ ಇನ್ನೂ ಹೊತ್ತಿತ್ತು. ಕಾಕಾ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದವರು. ಮೊದಲು ದಾಂಡೇಲಿ ಕಡೆ, ಆಮೇಲೆ ನಿವೃತ್ತಿಯ ತನಕ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ. ನಾನು ಆ ಅಭಯಾರಣ್ಯದ ಅಂಚಿನ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಅಂದು ರಜೆ ಹಾಕಿ ಅವರನ್ನು ಹುಡುಕಿಕೊಂಡು ಹೋದದ್ದು ಒಂದು ಚಿತ್ರ ತೋರಿಸುವುದಕ್ಕೆ.

— ಕಾಕಾ, ಇದನ್ನ ಒಂದೀಟು ನೋಡ್ರಿ. ನಮ್ಮ ಸಾಲಿ ಐದನೇ ಕ್ಲಾಸಿನ ಹುಡುಗಿ ತಗದಿದ್ದು.

— ಚಾಳೀಸು ಮನ್ಯಾಗ ಉಳೀತು. ಹತ್ರ ಹಿಡಿ... ಹುಲಿ. ಪಟ್ಟಿ ಭಾಳ ಚಲೋ ತಗದಾಳ. ಮುಂದಿನ ಒಂದು ಕಾಲು ಎತ್ತೈತಿ. ಹಿಂದ ಏನಿವು, ಲೈಟಿನ ಕಂಬಾ?

— ಕಂಬ ಅಲ್ರಿ, ನೀಲಗಿರಿ ಗಿಡ. ವನ್ಯಜೀವಿ ಸಪ್ತಾಹಕ್ಕ ಹಾವೇರ್ಯಾಗ ಚಿತ್ರದ ಸ್ಪರ್ಧಾ ಇತ್ತು. ಕಾಡಿನಾಗಿನ ಹುಲಿ ತಗೀರಿ ಅಂದಿದ್ರು. ಉಳದ ಹುಡುಗ್ರೆಲ್ಲಾ ಜಲಪಾತ, ಬಳ್ಳಿ, ಹಸರ ಗುಡ್ಡ ತಗದ್ರು. ಈಕಿ ಇದನ್ನ ತಗದ್ಲು. ನೋಡಿದವ್ರು ‘ಹುಲಿ ನೀಲಗಿರಿ ತೋಪಿನಾಗ ಇರೂದಿಲ್ಲ’ ಅಂತ ತಪ್ಪು ಹಾಕಿ ಕೊಟ್ರು. ವಾಪಸ್ ಬರೂ ಮುಂದ ಬಸ್ಸಿನಾಗ ಕೇಳಿದ್ಲು: ‘ಮತ್ತ ಕಾಡು ಅಂದ್ರ ಯಾವುದ್ರಿ ಟೀಚರ್? ನಮ್ಮೂರ ಕಾಡು ಹಿಂಗ ಐತಲ್ರಿ?’ ನನಗ ಉತ್ತರ ಕೊಡಾಕ ಆಗಲಿಲ್ಲ.

— ಆಕಿ ಹುಟ್ಟಿದಾಗಿಂದ ನೋಡಿದ ಕಾಡು ಅದೊಂದ. ಕಂಡಿದ್ದನ್ನ ತಗದಾಳ.

— ಆದ್ರೂ ಅಲ್ಲಿ ಹುಲಿ ಇರಾಂಗಿಲ್ಲ ಅನ್ನೂದು ಖರೆ ಅಲ್ಲೇನ್ರಿ?

— ಖರೆ. ಯಾಕ ಇರಾಂಗಿಲ್ಲ ಅಂತ ಯಾರರ ಹೇಳಿದ್ರೇನು ಆ ಕೂಸಿಗೆ?

— ಇಲ್ರಿ.

— ಅದನ್ನ ಹೇಳಬೇಕಿತ್ತು ನೋಡವಾ. ಹುಲಿ ಹಸಿದ್ರೂ ಹುಲ್ಲು ತಿನ್ನಾಂಗಿಲ್ಲ ಅಂತ ಗಾದಿ ಐತಿ. ಖರೆ ಮಾತು. ಆದ್ರ ಹುಲಿ ಬದುಕು ನಿಂತಿದ್ದು ಹುಲ್ಲಿನ ಮ್ಯಾಲ. ಅದನ್ನ ನಾ ದಾಂಡೇಲ್ಯಾಗ ಕಲ್ತೆ. ಕುಳಗಿ ಕಡೆ ಹಾಕಿದ್ರು ನನ್ನ. ಬಯಲಸೀಮಿ ಹುಡುಗ, ಅಂಥಾ ಅಡವಿ ಹುಟ್ಟಾ ನೋಡಿರಲಿಲ್ಲ. ಎಷ್ಟೋ ಕಡೆ ಹಗಲ ಹನ್ನೆರಡಕ್ಕ ಸುದ್ದಾ ಮುಗಲು ಕಾಣತಿರಲಿಲ್ಲ. ಇಷ್ಟು ದಟ್ಟ ಐತಿ ಅಂದ ಮ್ಯಾಲ ಹೆಜ್ಜಿಗೊಂದು ಹುಲಿ ಇರಬೇಕು ಅಂತ ಜೀವ ಕೈಯಾಗ ಹಿಡಕೊಂಡು ತಿರಗ್ತಿದ್ದೆ. ಅಷ್ಟು ವರ್ಷದಾಗ ಕಣ್ಣಾರೆ ಕಂಡಿದ್ದು ಒಂದ ಸಲ.

— ಒಂದ ಸಲ?

— ಒಂದ ಸಲ. ನಸುಕಿನಾಗ. ಗಸ್ತಿಗೆ ಹೊಂಟಿದ್ವಿ, ಹಾದಿ ದಾಟಿ ಹೋತು. ಓಡಲಿಲ್ಲ, ನಿಲ್ಲಲಿಲ್ಲ, ನಮ್ಮ ಕಡೆ ನೋಡಿತೋ ಇಲ್ಲೋ ಅದೂ ಗೊತ್ತಾಗಲಿಲ್ಲ. ಅದು ಹ್ವಾದ ಮ್ಯಾಲ ನಮ್ಮ ಹಳೇ ವಾಚರ್ ಒಂದು ಗಿಡದ ಬುಡಕ್ಕ ಕರಕೊಂಡು ಹ್ವಾದ. ‘ಮೂಸಿ ನೋಡು’ ಅಂದ. ಬಗ್ಗಿ ಮೂಸಿದೆ. ಬಾಸುಮತಿ ಅಕ್ಕಿ ಅನ್ನಕ್ಕ ಇಟ್ಟಾಗ ಬರತೈತಲ್ಲ, ಥೇಟ್ ಆ ವಾಸನಿ. ಈ ಜಾಗಾ ನಂದು ಅಂತ ತಿಳಸಾಕ ಹುಲಿ ಗಿಡಕ್ಕ ಹಿಂದ ತಿರುಗಿ ಸಿಂಪಡಿಸಿ ಹೋಗತೈತಿ. ಆ ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿದ್ರ ನನಗ ಊಟ ಸೇರಲಿಲ್ಲ. ಹೆದರಿಕೆ ಅಲ್ಲ. ಮೈಯೆಲ್ಲಾ ಒಂಥರಾ ತುಂಬಿದಂಗ ಆಗಿತ್ತು.

— ಅಷ್ಟು ದಟ್ಟ ಕಾಡಿನಾಗ ಹುಲಿ ಯಾಕ ಕಡಿಮಿ?

— ಎಲಿ ಎಲ್ಲಾ ಮ್ಯಾಲ ಅದಾವಲ್ಲ. ಮಂಗ್ಯಾಗ ಸುಗ್ಗಿ, ಕೆಂದಳಿಲಿಗೆ ಸುಗ್ಗಿ. ಕೆಳಗ ನಿಂತ ಜಿಂಕಿ ಏನ ತಿನಬೇಕು? ಬಿಸಲು ಬೀಳದ ನೆಲದಾಗ ಹುಲ್ಲು ಹುಟ್ಟಾಂಗಿಲ್ಲ. ಹುಲ್ಲಿಲ್ಲಂದ್ರ ಜಿಂಕಿ ಕಡಿಮಿ, ಕಾಡಕೋಣ ಕಡಿಮಿ. ಅವು ಕಡಿಮಿ ಅಂದ್ರ ಹುಲಿನೂ ಕಡಿಮಿ. ಅದ ನಾಗರಹೊಳಿಗೆ ಹೋಗು, ಬಂಡೀಪುರಕ್ಕ ಹೋಗು. ತೇಗ, ಮತ್ತಿ, ದಿಂಡಲ, ಎಲ್ಲಾ ಬ್ಯಾಸಿಗ್ಯಾಗ ಎಲಿ ಉದುರಸೂ ಗಿಡ. ಬಿಸಲು ನೆಲ ಮುಟ್ಟತೈತಿ. ನಾಗರಹೊಳ್ಯಾಗ ನಡುನಡುವ ಹಡ್ಲು ಅಂತ ಇರ್ತಾವ. ಜವುಳು ಹುಲ್ಲುಗಾವಲು. ನೀರು ಹಿಡದ ನೆಲ, ಗಿಡ ಬೆಳೆಯಾಂಗಿಲ್ಲ, ಬ್ಯಾಸಿಗ್ಯಾಗೂ ಹಸರ ಇರತೈತಿ. ಕಬಿನಿ ಹಿನ್ನೀರು ಇಳದಂಗ ಇಳದಂಗ ದಂಡಿ ತುಂಬ ಚಿಗುರು ಹುಲ್ಲು. ಅದಕ್ಕ ಅಲ್ಲಿ ನೂರು ಚದರ ಕಿಲೋಮೀಟರಿನಾಗ ಹತ್ತು-ಹನ್ನೆರಡು ಹುಲಿ ಬದುಕ್ತಾವ. ರಷ್ಯಾದ ಹಿಮದ ಕಾಡಿನಾಗ ಒಂದು ಹೆಣ್ಣ ಹುಲಿಗೆ ನಾಕನೂರು ಚದರ ಕಿಲೋಮೀಟರು ಬೇಕು. ಹುಲಿ ಅದ, ಹಸಿವು ಅದ. ಉಣ್ಣಾಕ ಸಿಗೂದು ಬ್ಯಾರೆ.

— ಅಂದ್ರ ಹುಲಿಗೆ ಇಂಥಾದ ಕಾಡು ಬೇಕು ಅಂತಿಲ್ಲ?

— ಇಲ್ಲವಾ. ಸುಂದರಬನದಾಗ ಉಪ್ಪ ನೀರಿನ ಕೆಸರಿನಾಗ ಈಸತಾವ. ರಣಥಂಬೋರದಾಗ ಕಲ್ಲಿನ ಕ್ವಾಟಿ ಒಳಗ ಮಲಗ್ತಾವ. ಭೂತಾನದಾಗ ಹಿಮ ಬೀಳೂ ಗುಡ್ಡದ ಮ್ಯಾಲ ಕ್ಯಾಮೆರಾಕ್ಕ ಸಿಕ್ಕಾವ. ಬೇಕಾಗೂದು ಮೂರ: ತಿನ್ನಾಕ ದೊಡ್ಡ ಪ್ರಾಣಿ, ಕುಡಿಯಾಕ ನೀರು, ಅಡಗಿ ಕೂಡಾಕ ಮರಿ. ಅದರಾಗ ಮೊದಲನೇದು ದೊಡ್ಡದು. ಒಂದು ಹುಲಿ ವಾರಕ್ಕೊಂದರಂಗ ವರ್ಷಕ್ಕ ಸುಮಾರು 50 ದೊಡ್ಡ ಪ್ರಾಣಿ ಹೊಡೀತೈತಿ. ಹಿಂಡು ಕರಗಬಾರದು ಅಂದ್ರ ಆ ಐವತ್ತರ ಹಿಂದ ಐನೂರು ಬೇಕು. ಉಲ್ಲಾಸ ಕಾರಂತರು ನಾಗರಹೊಳ್ಯಾಗ ವರ್ಷಾನುಗಟ್ಟಲೆ ಕುಂತು ಹಾಕಿದ ಲೆಕ್ಕ ಅದು. ಐನೂರು ಜಿಂಕಿ, ಕಾಡಕೋಣ, ಕಡವಿ ಮೇಯೂವಷ್ಟು ಹುಲ್ಲು ಎಲ್ಲೈತಿ ಅಂತ ನೋಡು, ಅಲ್ಲೊಂದು ಹುಲಿ ಇರಬಹುದು. ಈಗ ನಿನ್ನ ಹುಡುಗಿ ಚಿತ್ರ ನೋಡು. ಗಿಡದ ಕೆಳಗ ಏನ ತಗದಾಳ?

— ಏನೂ ಇಲ್ರಿ. ಬರೇ ಕಂದು ಬಣ್ಣ.

— ಹಾಂ. ನೀಲಗಿರಿ ತೋಪಿನಾಗ ಇರೂದೂ ಅದ. ಒಣಗಿದ ಎಲಿ, ತೊಗಟಿ. ಆಕಿ ತಪ್ಪಿಲ್ಲದ ನೋಡ್ಯಾಳ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ನೀಲಗಿರಿ ಎಲಿ ಆಡು ಸುದ್ದಾ ಮೂಸಿ ಬಿಡತೈತಿ.

— ಆಕಿ ಇನ್ನೊಂದು ಮಾತು ಕೇಳಿದ್ಲು ಕಾಕಾ. ನಮ್ಮಲ್ಲಿ ಚಿಗರಿ ಸಾವಿರಗಟ್ಲೆ ಅದಾವ, ಗ್ವಾಂಜಾಳದ ಹೊಲಕ್ಕ ಹಿಂಡಿಗೆ ಹಿಂಡ ಬೀಳತಾವ. ಹುಲಿಗೆ ಊಟ ಇದ್ದ ಮ್ಯಾಲ ಯಾಕ ಬರಾಂಗಿಲ್ಲ ಅಂತ.

— ಶಾಣ್ಯಾ ಹುಡುಗಿ! ಹುಲಿ ಓಡಿ ಹಿಡಿಯೂ ಪ್ರಾಣಿ ಅಲ್ಲವಾ. ಹೊಟ್ಟಿ ನೆಲಕ್ಕ ಹಚ್ಚಿ ಹತ್ತಿಪ್ಪತ್ತು ಮಾರು ದೂರಕ್ಕ ಬಂದು ಒಮ್ಮೆಲೆ ಎರಗತೈತಿ. ಮೈಮ್ಯಾಲಿನ ಪಟ್ಟಿ ಇರೂದು ಯಾತಕ್ಕ? ಎತ್ತರದ ಹುಲ್ಲಿನಾಗ, ನೆಳ್ಳು-ಬಿಸಲಿನಾಗ ಕಾಣದಂಗ ಕುಂದರಾಕ. ನಮ್ಮ ಚಿಗರಿ ಇರೂದು ಬಯಲಿನಾಗ. ದೂರಕ್ಕ ಕಣ್ಣು ಹಾಯತೈತಿ. ಓಡಾಕ ನಿಂತ್ರ ತಾಸಿಗೆ 80 ಕಿಲೋಮೀಟರು. ಅದು ಹುಲಿ ಸಲುವಾಗಿ ಕಲ್ತ ಓಟ ಅಲ್ಲ.

— ಮತ್ತ?

— ಸಿವಂಗಿ. ಈಗ ಚೀತಾ ಅಂತಾರ. ನಮ್ಮ ದೇಶದಾಗ ಕೊನೇವು ಸ್ವಾತಂತ್ರ್ಯ ಬಂದ ಕಾಲಕ್ಕ ಹ್ವಾದ್ವು, 1952ರಾಗ ಇನ್ನಿಲ್ಲ ಅಂತ ಸರ್ಕಾರ ಹೇಳ್ತು. ಮ್ಯಾಲ 2022ರಾಗ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಾಗ ಬಿಟ್ಟಾರ. ಬೆನ್ನಟ್ಟಾವ ಹೋಗಿ ಎಷ್ಟ ಕಾಲ ಆತು, ಚಿಗರಿ ಇನ್ನೂ ಅದ ಓಟ ಓಡತೈತಿ. ನಾ ಹುಲ್ಲತ್ತಿ ಕಡೆ ಸಂಜಿ ಮುಂದ ನಿಂತು ನೋಡೂವಾಗೆಲ್ಲಾ ಸಿವಂಗಿ ನೆನಪಾಗತಿತ್ತು.

ಅಷ್ಟರಲ್ಲಿ ಟೆಂಡರ್ ತೆರೆದು ದರದ ಚೀಟಿ ಬಂತು. ಕಾಕಾ ನನ್ನ ಕೈಯಲ್ಲಿ ಓದಿಸಿದರು, ಮತ್ತೊಮ್ಮೆ ಓದಿಸಿದರು, ಅಂಗಿ ಜೇಬಿಗೆ ಹಾಕಿಕೊಂಡರು. ತೂಕ ಮುಗಿಯುವ ಹೊತ್ತಿಗೆ ಇಳಿಹೊತ್ತು. ‘ಬಾ, ಹೇಳೂದಕ್ಕಿಂತ ತೋರಸ್ತೀನಿ’ ಎಂದು ಗಾಡಿ ಹತ್ತಿಸಿಕೊಂಡರು. ಮೋಟೆಬೆನ್ನೂರು ದಾಟಿ ಹೆದ್ದಾರಿ ಹಿಡಿದು ರಾಣೆಬೆನ್ನೂರಿಗೆ ಬಂದೆವು. ಊರು ದಾಟಿ ಅಭಯಾರಣ್ಯದ ಅಂಚಿಗೆ ಬರುವಾಗ ಬಿಸಿಲು ಹಳದಿಗೆ ತಿರುಗಿತ್ತು. ಒಂದು ಕಡೆ ನೀಲಗಿರಿಯ ಸಾಲು, ಇನ್ನೊಂದು ಕಡೆ ಜಾಲಿ, ಬಾರಿ, ತಂಗಡಿ ಕಂಟಿಗಳ ನಡುವೆ ಒಣಗಿದ ಕರಡ.

— ಇಲ್ಲಿ ಕುಕ್ಕರಗಾಲಿನಾಗ ಕೂಡು. ಇದೇನು ಹೇಳು?

— ಆಡಿನ ಹಿಕ್ಕಿ ಇದ್ದಂಗ ಐತಿ. ಗುಂಪಿ ಬಿದ್ದೈತಿ.

— ಗಂಡ ಚಿಗರೀದು. ದಿನಾ ಅದ ಜಾಗಕ್ಕ ಬಂದು ಹಾಕತೈತಿ. ಇದು ಅದರ ಮನಿ ಬಾಗಲಾ ಅಂತ ತಿಳಕೋ. ಮ್ಯಾಲಿನವು ಹಸೀ, ಎಣ್ಣಿ ಹಚ್ಚಿದಂಗ ಹೊಳೀತಾವ. ಕೆಳಗಿನವು ಬೂದಿ ಬಣ್ಣ, ಒತ್ತಿದ್ರ ಪುಡಿ ಆಗತಾವ. ಒಡದು ನೋಡು, ಹೆದರಬ್ಯಾಡ, ಬರೇ ಹುಲ್ಲು. ಒಂದೊಂದರಾಗ ಜಾಲಿ ಬೀಜ ಇರತೈತಿ. ಈಗ ಇತ್ತ ಬಾ. ಹಾದಿ ನಡುವ ಇದು?

— ನಾಯಿದು?

— ತೋಳಂದು. ಕಡ್ಡೀಲೆ ಬಿಡಿಸಿ ನೋಡು, ಕೈ ಹಚ್ಚಬ್ಯಾಡ. ಇದು ಕೂದಲ. ಬೇರಿನ ಕಡೆ ಬೆಳ್ಳಗ, ತುದಿ ಕಂದು. ಚಿಗರಿ ಕೂದಲ. ಇದು ಎಲುಬಿನ ಚೂರು, ಅದಕ್ಕ ಒಣಗಿದ ಮ್ಯಾಲ ಸುಣ್ಣದಂಗ ಕಾಣತೈತಿ. ಹುಲ್ಲು ಚಿಗರಿ ಹೊಟ್ಟ್ಯಾಗ, ಚಿಗರಿ ತೋಳನ ಹೊಟ್ಟ್ಯಾಗ. ನಾಗರಹೊಳ್ಯಾಗ ಹುಲಿ ಮಾಡೂ ಕೆಲಸ ಇಲ್ಲಿ ತೋಳ ಮಾಡತೈತಿ. ನಿನ್ನ ಹುಡುಗಿಗೆ ಇದನ್ನ ಹೇಳು: ನಿಮ್ಮೂರ ಹುಲಿ ತೋಳ.

— ತೋಳಕ್ಕ ಯಾರೂ ಸಪ್ತಾಹ ಮಾಡಾಂಗಿಲ್ಲ ಕಾಕಾ. ಕುರಿ ಹಿಡೀತೈತಿ ಅಂತ ಬಯ್ಗುಳ ಅಷ್ಟ.

— ಈಗೀಗ ಮಾಡಾಕ ಹತ್ಯಾರ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನಾಗ ಬಂಕಾಪುರ ಅಂತ ಐತಿ, ಅಲ್ಲಿ ತೋಳನ ಸಲುವಾಗಿ ಅಭಯಾರಣ್ಯ ಆಗೇತಿ. ನಮ್ಮ ಶಿಗ್ಗಾಂವಿ ಬಂಕಾಪುರ ಬ್ಯಾರೆ, ಇಲ್ಲಿ ಕ್ವಾಟಿ ಒಳಗ ನವಿಲು. ಕುರುಬರ ಮಾತು ಕೇಳೀಯೇನು? ತೋಳ ತನ್ನ ಪಾಲು ತಗೊಂಡ ಹೋಗತೈತಿ ಅಂತಾರ ಹಿರೇರು. ಹಂಗಂದ್ರೂ ಕುರಿ ಹ್ವಾದವನ ಹೊಟ್ಟಿ ಉರೀತೈತಿ. ಅವಗ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು. ಅದಾಗದ ತೋಳ ಉಳೀಬೇಕು ಅಂದ್ರ ಅದು ಬರೇ ಬಾಯಿಮಾತು.

— ಈ ನೀಲಗಿರಿ ಯಾವಾಗ ಬಂತ್ರಿ ಇಲ್ಲಿ?

— ಅಭಯಾರಣ್ಯ ಆಗೂ ಮೊದಲ ಬಂದಿತ್ತು. 1974ರಾಗ ಇದನ್ನ ಅಭಯಾರಣ್ಯ ಅಂತ ಮಾಡಿದ್ರು, 119 ಚದರ ಕಿಲೋಮೀಟರು. ಹುಲ್ಲತ್ತಿ, ಹುಣಸಿಕಟ್ಟಿ, ಅಳಗೇರಿ ಅಂತ ಮೂರು ಭಾಗ. ಆಗಿನ ತಿಳವಳಿಕಿ ಏನಿತ್ತಂದ್ರ ಗಿಡ ಇಲ್ಲದ ನೆಲ ಬಂಜರು, ಬಂಜರ ಅಂದ್ರ ದಂಡ, ಅಲ್ಲಿ ಏನರ ಹಚ್ಚಬೇಕು. ಉರುವಲಕ್ಕ ಆತು, ಕಾರ್ಖಾನಿಗೆ ಆತು ಅಂತ ನೀಲಗಿರಿ ಹಚ್ಚಿದ್ರು. ನಾನೂ ಕುಣಿ ತಗಿಸೀನಿ, ಸಸಿ ಎಣಿಸಿ ಬುಕ್ಕಿನಾಗ ಬರದೀನಿ. ಎಷ್ಟು ಬದುಕಿದ್ವು ಅಂತ ಲೆಕ್ಕ ಕೊಟ್ಟೀನಿ. ಕೆಳಗಿದ್ದ ಹುಲ್ಲು ಎಷ್ಟು ಸತ್ತಿತು ಅಂತ ಯಾರೂ ಲೆಕ್ಕ ಕೇಳಲಿಲ್ಲ. ನನಗೂ ಹೊಳೀಲಿಲ್ಲ.

— ನೀವಷ್ಟ ಅಲ್ಲಲ್ರಿ ಕಾಕಾ.

— ಅಲ್ಲ. ಆದ್ರ ಎರೆಭೂತ ನಮ್ಮ ಕಣ್ಣ ಮುಂದ ಹೋತು ತಂಗಿ. ಅದನ್ನ ನೆನಸಿದ್ರ ಇವತ್ತಿಗೂ ಕರಳು ಹಿಂಡತೈತಿ. ಮೀಟರ್ ಎತ್ತರ ನಿಲ್ಲೂ ಹಕ್ಕಿ, ಗಂಡು ಹದಿನೈದು ಕೆಜಿ ತನಕ ತೂಗತೈತಿ. ವರ್ಷಕ್ಕ ಒಂದ ತತ್ತಿ, ಅದೂ ನೆಲದ ಮ್ಯಾಲ. ಬಯಲ ಬಿಟ್ಟು ಇನ್ನೆಲ್ಲೂ ಬದುಕಾಂಗಿಲ್ಲ. ಹೆಸರಿನಾಗ ಎರಿ ಐತಿ ನೋಡು, ಎರಿ ಭೂಮಿ ಹಕ್ಕಿ ಅದು. ನಮ್ಮ ಬ್ಯಾಡಗಿ ಕಾಯಿಗೆ ಆ ಕೆಂಪು ಬಣ್ಣ ಕೊಡೂದು ಯಾವ ನೆಲನೋ ಆ ನೆಲದ ಹಕ್ಕಿ. ಅದನ್ನ ರಾಷ್ಟ್ರಪಕ್ಷಿ ಮಾಡ್ರಿ ಅಂತ ಸಲೀಂ ಅಲಿ ಅಂದಿದ್ರು, ನವಿಲಿಗೆ ಹೋತು. ಈ ಅಭಯಾರಣ್ಯದಾಗ ಇದ್ದ ಹಕ್ಕಿ ಈಗ ಇಲ್ಲ. ಕರ್ನಾಟಕದಾಗ ಉಳದ ನಾಕಾರು ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಕಡೆ. ಬಯಲು ಹೋತು, ಅದೂ ಹೋತು.

— ನಾ ಮಕ್ಕಳಿಗೆ ಗಿಡ ಹಚ್ಚರಿ, ಹಸರ ಮಾಡ್ರಿ ಅಂತ ಹಾಡ ಕಲಸ್ತೀನಲ್ರಿ...

— ಕಲಸು. ಊರಾಗ ಹಚ್ಚಲಿ, ಹೊಲದ ಬದುವಿಗೆ ಹಚ್ಚಲಿ, ಸಾಲಿ ಅಂಗಳದಾಗ ಹಚ್ಚಲಿ. ಕರಡ ಇದ್ದಲ್ಲಿ ಮಾತ್ರ ಸಲಕಿ ಹಿಡಕೊಂಡು ಹೋಗಬ್ಯಾಡ ಅಂತ ಹೇಳು. ಗಿಡ ಕಿತ್ತೂ ಕಾಡು ಉಳಿಸಿದ ಊರೈತಿ ನಮ್ಮ ಜಿಲ್ಲೆದಾಗ, ಗೊತ್ತೈತೇನು? ಕುಸನೂರು, ಹಾನಗಲ್ಲ ತಾಲ್ಲೂಕು.

— ಹೆಸರ ಕೇಳೀನಿ. ಪೂರಾ ಗೊತ್ತಿಲ್ರಿ.

— 1984ರಾಗ ಸರ್ಕಾರ, ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿದ್ರು. ಪಾಲಿಫೈಬರ್ಸ್ ಕಾರ್ಖಾನಿ ಇರೂದು ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಾಗ. ಊರೂರ ಗಾಯರಾಣ, ಸಿ ಮತ್ತ ಡಿ ದರ್ಜೆ ಭೂಮಿ ಅಂತಾರಲ್ಲ ಅಂಥಾದ್ದು, ಸುಮಾರು 30,000 ಹೆಕ್ಟೇರ್ ಆ ಕಂಪನಿಗೆ, ನೀಲಗಿರಿ ಹಚ್ಚಾಕ. ದನ ಎಲ್ಲಿ ಮೇಯಬೇಕು? ಉರುವಲ ಎಲ್ಲಿಂದ ತರಬೇಕು? 1987ರ ನವೆಂಬರ್ 14ಕ್ಕ ಕುಸನೂರಾಗ ಹೆಣ್ಣಮಕ್ಕಳು, ಗಂಡಮಕ್ಕಳು ಕೂಡಿ ನೀಲಗಿರಿ ಸಸಿ ಕಿತ್ತು, ತಮಗ ಬೇಕಾದ ಗಿಡ ಹಚ್ಚಿದ್ರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದ ನಿಂತಿದ್ರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೊಳಗ ಮೊದಲನೇ ಹೆಸರು ಶಿವರಾಮ ಕಾರಂತರದು. 1991ರಾಗ ಸರ್ಕಾರ ಆ ಕಂಪನಿ ಮುಚ್ಚೂ ತೀರ್ಮಾನಕ್ಕ ಬಂತು.

— ಶಿವರಾಮ ಕಾರಂತರ ಮಗನ ಅಲ್ಲೇನ್ರಿ ಉಲ್ಲಾಸ ಕಾರಂತರು? ಹುಲಿ ಪಟ್ಟಿ ನೋಡಿ ಎಣಿಸೂ ಕ್ರಮ ತಂದವ್ರು?

— ಅವರ. ಅಪ್ಪ ದನ ಮೇಯೂ ಹುಲ್ಲಿನ ಸಲುವಾಗಿ ಕೋರ್ಟಿಗೆ ಹ್ವಾದ್ರು, ಮಗ ಹುಲಿ ಬೆನ್ನ ಹತ್ತಿ ಕಾಡಿಗೆ ಹ್ವಾದ್ರು. ನನಗ ಎರಡೂ ಒಂದ ಕೆಲಸ ಅನಸತೈತಿ.

— ಹೆಂಗ್ರಿ? ಒಂದು ಊರ ಗಾಯರಾಣ, ಒಂದು ಅಡವಿ.

— ದಾಂಡೇಲ್ಯಾಗ ಇದ್ದಾಗ ನೋಡೀನಿ. ಊರಾಗ ಗಾಯರಾಣ ಇಲ್ಲಂದ್ರ ದನ ಎಲ್ಲಿಗೆ ಹೊಡೀತಾರ? ಅಡವಿಗೆ. ಅಡವಿಯೊಳಗಿನ ಹುಲ್ಲು ದನ ಮೇಯತೈತಿ, ಜಿಂಕಿಗೆ ಉಳಿಯಾಂಗಿಲ್ಲ. ಜಿಂಕಿ ಸಿಗದ ಹುಲಿ ಏನ ಹಿಡೀಬೇಕು? ಕಣ್ಣ ಮುಂದಿದ್ದ ದನ ಹಿಡೀತೈತಿ. ಬಡವನ ಮನಿ ಆಕಳ ಅದು. ಅವನ ಸಿಟ್ಟು ತಿಳೀತೈತಿ ನನಗ. 2025ರ ಜೂನಿನಾಗ ಮಲೆ ಮಹದೇಶ್ವರ ಬೆಟ್ಟದ ಕಾಡಿನಾಗ ಏನಾತು? ತಾಯಿ ಹುಲಿ, ನಾಕು ಮರಿ. ಸತ್ತ ಆಕಳಿಗೆ ಯಾರೋ ವಿಷಾ ಹಾಕಿದ್ರು. ಐದೂ ಒಂದ ಕಡೆ ಸತ್ತು ಬಿದ್ದಿದ್ವು. ಆ ಸುದ್ದಿ ಪೇಪರಿನಾಗ ಓದಿ ನಾ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನಿಮ್ಮ ಕಾಕೂನ್ನ ಕೇಳು ಬೇಕಾರ.

ಸ್ವಲ್ಪ ಹೊತ್ತು ಅವರು ಸುಮ್ಮನಿದ್ದರು. ದೂರದಲ್ಲಿ ರೈತನೊಬ್ಬ ಹೊಲದ ಅಟ್ಟಣಿಗೆ ಹತ್ತುತ್ತಿದ್ದ. ಇನ್ನು ರಾತ್ರಿಯೆಲ್ಲ ಚಿಗರಿ ಕಾಯಬೇಕು.

— ಕಾಕಾ, 2022ರ ಎಣಿಕಿ ಪ್ರಕಾರ ಕರ್ನಾಟಕದಾಗ 563 ಹುಲಿ ಅಂತ ಪಾಠದಾಗ ಹೇಳ್ತೀನಿ. ಐದು ಹುಲಿ ಮೀಸಲು ಪ್ರದೇಶದ ಹೆಸರು ಬಾಯಿಪಾಠ ಮಾಡಸ್ತೀನಿ: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಆರ್‌ಟಿ. ಹಾವೇರಿ ಹುಡುಗ್ರಿಗೆ ಅದೆಲ್ಲಾ ಪರದೇಶ ಇದ್ದಂಗ.

— ಪರದೇಶ ಅಲ್ಲ. ಗಾಮದ ಹುಲಿ ಕತಿ ಹೇಳು ಅವರಿಗೆ. ಹಿರೇಕೆರೂರು ದಾಟಿದ್ರ ಶಿಕಾರಿಪುರ ತಾಲ್ಲೂಕು. ಆ ತಾಲ್ಲೂಕಿನ ಗಾಮ ಅನ್ನೂ ಊರಾಗ 2011ರ ಮೇ ತಿಂಗಳದಾಗ ಒಂದು ಗಂಡ ಹುಲಿ ಕಾಣಿಸ್ತು. ಜನ ಸೇರಿದ್ರು. ಇಲಾಖೆಯವ್ರು ಬಂದು ಅರವಳಿಕಿ ಕೊಟ್ಟು ಹಿಡದ್ರು. ಮೈಮ್ಯಾಲಿನ ಪಟ್ಟಿ ಫೋಟೋ ತಗದು ಹಳೇ ಫೋಟೋಕ್ಕ ಕೂಡಿಸಿ ನೋಡಿದ್ರ, ಅದು 2010ರ ಮಾರ್ಚಿನಾಗ ಬಂಡೀಪುರದ ಕ್ಯಾಮೆರಾಕ್ಕ ಬಿದ್ದ ಹುಲಿ! ಬಿಪಿಟಿ-241 ಅಂತ ಅದಕ್ಕ ನಂಬರು. ನೆಟ್ಟಗ ಗೆರಿ ಎಳದ್ರ 280 ಕಿಲೋಮೀಟರು. ಹದಿನೈದು ತಿಂಗಳದಾಗ ನಡಕೊಂತ ಬಂದಿತ್ತು.

— ನಡುವ ಎಷ್ಟು ಊರು, ಎಷ್ಟು ರಸ್ತೆ...

— ಕಾಫಿ ತೋಟ, ಅಡಕಿ ತೋಟ, ಗದ್ದಿ, ಹೊಳಿ, ಹೆದ್ದಾರಿ. ಎಲ್ಲಿ ಹಗಲು ಮಲಗಿತ್ತೋ, ಎಲ್ಲಿ ನೀರು ಕುಡೀತೋ. ಹರೇದ ಗಂಡ ಹುಲಿ ತಾಯಿ ಬಿಟ್ಟ ಮ್ಯಾಲ ತಂದು ಅಂತ ಒಂದು ಜಾಗಾ ಹುಡುಕತೈತಿ. ಬಂಡೀಪುರ ತುಂಬಿದ್ರ ಹೊರಗ ಹೊರಡಾಕ ಬೇಕು. ಭದ್ರಾಕ್ಕ, ಅಲ್ಲಿಂದ ಶರಾವತಿ ಕಡೆ, ಕಾಳಿಗೆ, ಗೋವಾದ ಮಹದಾಯಿ ಕಾಡಿಗೆ, ಮಹಾರಾಷ್ಟ್ರದ ಸಹ್ಯಾದ್ರಿಗೆ. ನಮ್ಮ ಜಿಲ್ಲೆ ಪಶ್ಚಿಮದಾಗ ಹಾನಗಲ್ಲ, ಶಿಗ್ಗಾಂವಿ ಕಡೆ ಅಡವಿ ಮುಂಡಗೋಡಕ್ಕ ಹತ್ತಿ ನಿಂತೈತಿ. ಅಲ್ಲಿಂದ ಯಲ್ಲಾಪುರ, ಅಲ್ಲಿಂದ ಕಾಳಿ. ಹುಲಿ ಉಳಿಯೂದು ಇರೂ ಜಾಗದಾಗಷ್ಟ ಅಲ್ಲವಾ, ನಡುವಿನ ಹಾದ್ಯಾಗೂ. ಭದ್ರಾದಾಗ ಹುಲಿ ಸಲುವಾಗಿ ನಾಕನೂರಕ್ಕಿಂತ ಹೆಚ್ಚು ಮನಿ ಮಂದಿ 2001-02ರ ಹೊತ್ತಿಗೆ ಊರ ಬಿಟ್ಟು ಹೊರಗ ಬಂದ್ರು. ಅಷ್ಟು ದೊಡ್ಡದು ಅವರು ಕೊಟ್ರು. ನಾವು ಹಾದಿ ಬಿಡಬೇಕು, ಇಷ್ಟ.

— ಈ ಸೀಮ್ಯಾಗ ಹಿಂದ ಹುಲಿ ಇದ್ದಿರಬಹುದೇನ್ರಿ? ರಾಣೆಬೆನ್ನೂರು ತಾಲ್ಲೂಕಿನಾಗ ಹುಲಿಹಳ್ಳಿ ಅಂತ ಊರ ಐತಲ್ಲ.

— ಊರ ಹೆಸರಿಗೆ ಹತ್ತು ಕತಿ ಇರ್ತಾವ, ಅದನ್ನ ನೆಚ್ಚಬ್ಯಾಡ. ಆದ್ರ ನೀ ಕನ್ನಡದ ಟೀಚರು, ನಿನಗ ಗೊತ್ತಿರಬೇಕು ಪುಲಿಗೆರೆ.

— ಲಕ್ಷ್ಮೇಶ್ವರ! ಕವಿರಾಜಮಾರ್ಗದಾಗ ಕನ್ನಡದ ತಿರುಳು ಅಂತ ಹೇಳಿದ ನಾಕು ಊರಿನಾಗ ಅದೂ ಒಂದು. ಪಂಪ ಬರದದ್ದು ಪುಲಿಗೆರೆಯ ಕನ್ನಡದಾಗ.

— ಪುಲಿ ಅಂದ್ರ ಹುಲಿ. ಹುಲಿ ನೀರ ಕುಡಿಯೂ ಕೆರಿ ಅಂತ ಹಿರೇರು ಬಿಡಿಸಿ ಹೇಳ್ತಿದ್ರು. ಸವಣೂರು ದಾಟಿದ್ರ ಸಿಗೂ ಊರು. ದೇವರಗುಡ್ಡಕ್ಕ ಹೋಗೀಯಲ್ಲ, ಗೊರವರ ಸೊಂಟದಾಗ ಭಂಡಾರದ ಚೀಲ ನೋಡೀಯೇನು? ಮೈಲಾರಲಿಂಗನ ಒಕ್ಕಲದಾಗ ಹುಲಿ ಚರ್ಮದ ಚೀಲದಾಗ ಭಂಡಾರ ಇಡೂದು ಹಳೇ ಪದ್ಧತಿ. ಮಹಾರಾಷ್ಟ್ರದಾಗ ಖಂಡೋಬನ ಭಕ್ತರಿಗೆ ವಾಘ್ಯಾ ಅಂತಾರ, ಹುಲಿ ಅನ್ನೂ ಮಾತಿನಿಂದ ಬಂದದ್ದು. 1972ರ ಕಾನೂನು ಬಂದ ಮ್ಯಾಲ ಹುಲಿ ಚರ್ಮ, ಉಗುರು ಇಟ್ಟುಕೊಳ್ಳೂದು ಅಪರಾಧ. 2023ರಾಗ ಕೊರಳಾಗಿನ ಹುಲಿ ಉಗುರಿನ ಸಲುವಾಗಿ ಎಷ್ಟು ಗದ್ದಲ ಆತು ನೋಡಿದಿ. ಭಂಡಾರ ಬಟ್ಟಿ ಚೀಲದಾಗೂ ಭಂಡಾರನ. ದೇವ್ರಿಗೆ ಏನೂ ಕಡಿಮಿ ಆಗಲಿಲ್ಲ.

— ಕಾಕಾ, ಅಲ್ಲಿ...

ನೀಲಗಿರಿಯ ಸಾಲಿನ ಆಚೆಯಿಂದ ಒಂದು ಹೆಣ್ಣು ಚಿಗರಿ ಬಂದು ನಿಂತಿತ್ತು. ಹಿಂದೆ ಇನ್ನೂ ಏಳೆಂಟು. ಕೊನೆಗೆ ಸುರುಳಿ ಕೋಡಿನ ಕಪ್ಪು ಗಂಡು. ಮೊದಲಿನದು ಹಾದಿ ದಾಟಿತು, ಉಳಿದವು ದಾಟಿದವು. ಒಂದು ಮರಿ ಮಾತ್ರ ಏನೂ ಇಲ್ಲದ ಕಡೆ ಆಳೆತ್ತರ ಜಿಗಿದು ಹೋಯಿತು. ಗಂಡು ನಾವು ನೋಡಿದ ಹಿಕ್ಕೆಯ ಗುಂಪಿಯ ಹತ್ತಿರ ಬಂದು, ಮೂಸಿ, ಅಲ್ಲೇ ಕಾಲು ಅಗಲಿಸಿ ನಿಂತಿತು. ನಾವಿಬ್ಬರೂ ಉಸಿರಾಡಲಿಲ್ಲ.

— ಆ ಚಿತ್ರ ಮತ್ತೊಮ್ಮೆ ಕೊಡು.

— ತಗೋರಿ. ಬೆಳಕ ಕಡಿಮಿ ಆಗೇತಿ.

— ಇರಲಿ, ಇಷ್ಟು ಕಾಣತೈತಿ. ನೋಡಿಲ್ಲಿ, ಕಾಲು ಎತ್ತೈತಿ ಅಂದಿದ್ನಲ್ಲ. ಬಾಲ ನೆಟ್ಟಗ ಹಿಂದಕ್ಕ. ತಲಿ ಕೆಳಗ. ಈ ಹುಲಿ ಇಲ್ಲಿ ಇರೂದಲ್ಲ ತಂಗಿ. ನಡಕೊಂಡ ಹೊಂಟೈತಿ.

— ಎಲ್ಲಿಗೆ?

— ಅದನ್ನ ಆ ಹುಡುಗೀನ್ನ ಕೇಳಬೇಕು. ಐತವಾರ ಕರಕೊಂಡ ಬಾ. ಬೆಳಿಗ್ಗೆ ಆರಕ್ಕ, ಬಿಸಲ ಏರೂದ್ರಾಗ. ಅವರ ಅವ್ವಗೂ ಹೇಳಿ ಬಾ. ಹಾಳಿ ಹಿಂದಿನ ಬದಿ ಖಾಲಿ ಐತಿ, ಬಣ್ಣದ ಪೆಟಿಗಿ ತರಾಕ ಹೇಳು. ಹಸರಕ್ಕಿಂತ ಹಳದಿ ಹೆಚ್ಚ ಬೇಕಾಗತೈತಿ.